ಯಾನಿಸ್ ಸರ್ ಮನೆಯ ಮೊದಲ ಚಮಚ

ನನ್ನ ಊಟದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಅದರೊಳಗೆ ಏನಿದೆ ಎಂದು ಯಾನಿಸ್ ಸರ್ ಹೇಳಿಬಿಡುತ್ತಿದ್ದರು. "ಇವತ್ತು ಶೇಂಗಾ ಪುಡಿ. ಬೆಳ್ಳುಳ್ಳಿ ನಿನ್ನೆಗಿಂತ ಹಳೆಯದು." ಅವರ ಮೂಗು ಉದ್ದಕ್ಕಿತ್ತು, ತುದಿಯಲ್ಲಿ ಸ್ವಲ್ಪ ಎಡಕ್ಕೆ ವಾಲಿತ್ತು. ಫೈಲು ಕೊಟ್ಟರೂ ಮೊದಲು ಮೂಸುವರು, ಆಮೇಲೆ ಓದುವರು. ಚಹಾದ ಪುಟ್ಟ ಗಾಜಿನ ಲೋಟವನ್ನು ಬುಡದಲ್ಲಿ ಎರಡೇ ಬೆರಳಿನಿಂದ ಹಿಡಿದು ಟ್ಯೂಬ್‌ಲೈಟಿಗೆ ಎತ್ತಿ, ಒಮ್ಮೆ ಮೆಲ್ಲಗೆ ತಿರುಗಿಸಿ, ಮೂಗನ್ನು ಒಳಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಕ್ಯಾಂಟೀನಿನ ಮಜ್ಜಿಗೆಗೂ ಇದೇ ಮರ್ಯಾದೆ. ಹೊಸದಾಗಿ ಸೇರಿದವರು ನಕ್ಕರೆ ಹಳಬರು ಸುಮ್ಮನಾಗಿಸುತ್ತಿದ್ದರು. ಹಡಗಿನಲ್ಲಿ ಬಂದ ಹಣ್ಣಿನ ರಸದ ಡ್ರಮ್ಮು ಕೆಟ್ಟಿದೆಯೋ ಇಲ್ಲವೋ ಎಂದು ನಮ್ಮ ಯಂತ್ರಗಳು ತಿಣುಕುತ್ತಿರುವಾಗ ಅವರು ಮುಚ್ಚಳದ ಬಳಿ ಬಗ್ಗಿ, "ಖಲಾಸ್, ವಾಪಸ್ ಕಳಿಸಿ" ಅಂದುಬಿಡುವುದನ್ನು ಅವರೆಲ್ಲ ನೋಡಿದ್ದರು. "ಮೊದಲು ಮೂಗು, ಆಮೇಲೆ ಮಷೀನು" ಎಂಬುದು ಅವರ ಮಾತು.

ಕುವೈತಿಗೆ ಆಹಾರ ಪದಾರ್ಥ ತರಿಸುವ ಒಂದು ಕಂಪನಿಯ ಪರೀಕ್ಷಾ ಪ್ರಯೋಗಾಲಯ ನಮ್ಮದು. ಅವರು ಅದರ ಮುಖ್ಯಸ್ಥರು, ನಾನು ಅವರ ಕೈಕೆಳಗಿನ ಕೆಮಿಸ್ಟು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ವಿಜಯಪುರದ ಕಡೆ ಪರರ ದ್ರಾಕ್ಷಿ ತೋಟಗಳಲ್ಲಿ ದುಡಿದ ಅಪ್ಪ-ಅವ್ವ ನನ್ನನ್ನು ಎಂ.ಎಸ್ಸಿ. ತನಕ ಓದಿಸಿದರು. ಇಂಟರ್‌ವ್ಯೂನಲ್ಲಿ ಯಾನಿಸ್ ಸರ್ ಕೇಳಿದ ಮೊದಲ ಪ್ರಶ್ನೆಯೇ ಅಪ್ಪ ಏನು ಮಾಡುತ್ತಾರೆ ಎಂಬುದು. ದ್ರಾಕ್ಷಿ ತೋಟದ ಕೂಲಿ ಎಂದು ಹೇಳಿ, ಮುಂದೆ ಏನು ಬರುವುದೋ ಎಂದು ಗಟ್ಟಿಯಾಗಿ ಕುಳಿತೆ. ಅವರು ನನ್ನ ಅಂಕಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಖಾಲಿ ಹಾಳೆ ಮುಂದಿಟ್ಟರು.

"ನಿಮ್ಮಲ್ಲಿ ಬಳ್ಳಿ ಹೇಗೆ ಹಬ್ಬಿಸುತ್ತಾರೆ? ಬರೆದು ತೋರಿಸು."

ನಾನು ಕಲ್ಲಿನ ಕಂಬ, ತಂತಿ, ಚಪ್ಪರ ಬರೆದೆ. ಅದನ್ನು ನೋಡಿ ಅವರು ತಮ್ಮ ಊರಿನದನ್ನು ಪಕ್ಕದಲ್ಲಿ ಬರೆದರು. ಗ್ರೀಸಿನ ಒಂದು ಸಣ್ಣ ದ್ವೀಪ ಅವರದು. ಸಮುದ್ರದ ಗಾಳಿ ಅಲ್ಲಿ ಯಾವ ಚಪ್ಪರವನ್ನೂ ಉಳಿಸುವುದಿಲ್ಲವಂತೆ. ಹಾಗಾಗಿ ಬಳ್ಳಿಯನ್ನು ನೆಲದ ಮೇಲೇ ಸುತ್ತಿ ಸುತ್ತಿ ಬುಟ್ಟಿಯ ಹಾಗೆ ಮಾಡುತ್ತಾರೆ. ಗೊಂಚಲು ಆ ಸುತ್ತಿನೊಳಗೆ ಅಡಗಿಕೊಂಡು ಹಣ್ಣಾಗುತ್ತದೆ. ಬಿಳಿ ದ್ರಾಕ್ಷಿ. ಅದರಿಂದ ಬಿಳಿ ವೈನು. ಅಜ್ಜನ ಅಜ್ಜನಿಂದ ಬಂದ ಮನೆಯ ಕಸುಬು.

ಚಿತ್ರ ನೋಡಿ ನನ್ನ ಬಾಯಿಂದ ಕನ್ನಡವೇ ಬಂದುಬಿಟ್ಟಿತು. "ಇದು ಸಿಂಬಿ."

ಏನದು ಎಂದರು. ಕೊಡ ಹೊರುವಾಗ ನಮ್ಮವ್ವ ತಲೆಯ ಮೇಲೆ ಸೀರೆಯ ತುಂಡನ್ನು ಸುತ್ತಿ ಇಟ್ಟುಕೊಳ್ಳುವುದನ್ನು ನನ್ನ ದುಪಟ್ಟಾದಿಂದಲೇ ಮಾಡಿ ತೋರಿಸಿದೆ. ಅವರು ಮೂರು ಸಲ "ಸಿಂಬಿ, ಸಿಂಬಿ, ಸಿಂಬಿ" ಎಂದು ಬಾಯಿ ತುಂಬಿಕೊಂಡರು. ಕೆಲಸ ಸಿಕ್ಕಿತು.

ಆಮೇಲೆ ಆ ಶಬ್ದ ನಮ್ಮ ಆಫೀಸಿನದೇ ಆಯಿತು. ದೊಡ್ಡ ಸಾಹೇಬರು ಸಿಟ್ಟಿನಲ್ಲಿ ಬರುತ್ತಿದ್ದಾರೆಂದರೆ ಯಾನಿಸ್ ಸರ್ ಬಾಗಿಲಿನಿಂದ ಇಣುಕಿ, "ಗಾಳಿ ಬರ್ತಾ ಇದೆ. ಸಿಂಬಿ ಆಗಿ" ಎನ್ನುತ್ತಿದ್ದರು. ತಲೆ ತಗ್ಗಿಸಿ, ಸುತ್ತಿಕೊಂಡು, ಹಣ್ಣು ಉಳಿಸಿಕೊಳ್ಳಿ ಎಂದು ಅರ್ಥ. ನಮ್ಮ ಕಡೆಯ "ಚಾಟ್ನಿ"ಯನ್ನೂ ಅವರಿಗೆ ಕಲಿಸಿದ್ದೆ. ದ್ರಾಕ್ಷಿ ಬಳ್ಳಿಯ ಕಡ್ಡಿ ಸವರುವುದಕ್ಕೆ ನಾವು ಹಾಗೆ ಅನ್ನುತ್ತೇವೆ. ನನ್ನ ರಿಪೋರ್ಟು ಉದ್ದವಾದರೆ ಹಿಂದಕ್ಕೆ ಕೊಟ್ಟು, "ಇದಕ್ಕೆ ಚಾಟ್ನಿ ಮಾಡು" ಎನ್ನುತ್ತಿದ್ದರು.

ನಮ್ಮವ್ವನಿಗೆ ಮಾತ್ರ ಫೋನಿನಲ್ಲಿ ಇದೆಲ್ಲ ಹೇಳಿದಾಗ ಸರಿಬರಲಿಲ್ಲ. "ಏನವಾ, ಇಷ್ಟ್ ಓದಿ ಸೆರಿ ಮಾಡಾವ್ರ ಕೈಯಾಗ ಕೆಲಸಾ ಮಾಡ್ತೀಯೇನ?" ಎಂದಳು. ಇಲ್ಲಿ ಯಾರೂ ಮಾಡೋಹಾಂಗಿಲ್ಲವ್ವ, ಕುಡಿದ್ರ ಜೈಲು ಎಂದೆ. "ಹಾಂಗಿದ್ರ ಚಲೋ ದೇಶ ಬಿಡು" ಎಂದು ಸಮಾಧಾನವಾದಳು. ನಮ್ಮ ಓಣಿಯಲ್ಲಿ ಸೆರೆ-ಸಾರಾಯಿ ಹಾಳು ಮಾಡದ ಮನೆ ಕಡಿಮೆ. ನನಗೂ ಆ ವಾಸನೆ ಆಗಿಬರುವುದಿಲ್ಲ. ಇದನ್ನು ಯಾನಿಸ್ ಸರ್‌ಗೆ ನೇರವಾಗಿಯೇ ಹೇಳಿದ್ದೆ. ಅವರು ಬೇಸರಪಡಲಿಲ್ಲ. "ನನ್ನ ತಂದೆ ಮೂಸಿದ್ದೇ ಹೆಚ್ಚು, ಕುಡಿದದ್ದು ಕಡಿಮೆ" ಎಂದರು.

ಕುವೈತಿನ ಸಾಲ್ಮಿಯಾ ಬಡಾವಣೆಯಲ್ಲಿ ನಾವಿಬ್ಬರೂ ಒಂದೇ ಕಟ್ಟಡದಲ್ಲಿದ್ದೆವು. ನಮ್ಮದು ಮೂರನೆಯ ಮಹಡಿ, ಅವರದು ಐದನೆಯದು. ಒಂಟಿ ಮನುಷ್ಯ. ಬಾಲ್ಕನಿಯ ಕುಂಡದಲ್ಲಿ ಒಂದು ದ್ರಾಕ್ಷಿ ಬಳ್ಳಿಯನ್ನು ಸಿಂಬಿ ಸುತ್ತಿ ಬೆಳೆಸಿದ್ದರು. ಅದು ಒಮ್ಮೆಯೂ ಹಣ್ಣು ಬಿಡಲಿಲ್ಲ. ಅವರು ಬಂದರಿಗೋ ಗೋದಾಮಿಗೋ ಹೋದ ದಿನ ನೀರು ಹಾಕಲೆಂದು ಮನೆಯ ಒಂದು ಕೀಲಿ ನನ್ನ ಹತ್ತಿರ ಇತ್ತು. ಆ ಕೀಲಿಯಿಂದಲೇ ನಾನು ಈ ಕಥೆಯೊಳಗೆ ಸಿಕ್ಕಿಕೊಂಡದ್ದು.

ಅದು ಕುವೈತಿನಲ್ಲಿ ಅವರ ಕೊನೆಯ ಬೇಸಿಗೆ. ಹಿಂದಿನ ವರ್ಷ ಕೊಯ್ಲಿನ ಹೊತ್ತಿಗೇ ಅವರ ತಂದೆ ತೀರಿಕೊಂಡಿದ್ದರು. ಊರಿನಲ್ಲಿ ತಂಗಿ ಆನ್ನಾ ಒಬ್ಬಳೇ ಬಳ್ಳಿ, ನೆಲಮಾಳಿಗೆ, ಪೀಪಾಯಿ ಎಲ್ಲ ನೋಡಿಕೊಂಡು ಸೋತಿದ್ದಳು. ಹೋಟೆಲು ಕಟ್ಟುವವರು ಜಾಗ ಕೇಳುತ್ತಿದ್ದರು. ಅಣ್ಣ ಈ ಕೊಯ್ಲಿಗೆ ಬಂದು ನಿಂತರೆ ಸರಿ, ಇಲ್ಲದಿದ್ದರೆ ಸಹಿ ಹಾಕುತ್ತೇನೆ ಎಂದು ಅವಳು ಹೇಳಿಬಿಟ್ಟಿದ್ದಳು. ಯಾನಿಸ್ ಸರ್ ರಾಜೀನಾಮೆ ಕೊಟ್ಟು, ಇಕಾಮಾ ಎಂಬ ಇಲ್ಲಿನ ವಾಸದ ಪರವಾನಗಿಯನ್ನು ರದ್ದು ಮಾಡಿಸಿ ದೇಶ ಬಿಡುವ ಕಾಗದಗಳಿಗಾಗಿ ಕಾಯುತ್ತಿದ್ದರು. ಕಾಗದ ಬರುವುದು ತಡವಾಗುತ್ತಿತ್ತು, ಹಣ್ಣು ಕಾಯುವಂತಿರಲಿಲ್ಲ.

ಅವರ ಮನೆಯಲ್ಲಿ ಒಂದು ಪದ್ಧತಿ. ಕೊಯ್ಲಿನ ಮೊದಲ ಬುಟ್ಟಿ ಹಣ್ಣನ್ನು ವೈನಿಗೆ ಬಳಸುವುದಿಲ್ಲ. ತೊಳೆಯದೆ ತುಳಿದು, ರಸವನ್ನು ಒಂದು ರಾತ್ರಿ ತಣ್ಣಗೆ ಇಟ್ಟು ಮಡ್ಡಿ ಇಳಿಸಿ, ಬೆಲ್ಲದ ಪಾಕದ ಹಾಗೆ ಕಪ್ಪಗೆ ಕುದಿಸಿ ಶೀಸೆ ತುಂಬುತ್ತಾರೆ. ಅದು ಮುಂದಿನ ವರ್ಷಕ್ಕೆ. ಮುಂದಿನ ಕೊಯ್ಲಿನ ದಿನ ಮನೆಯ ಹಿರಿಯರು ಅದರ ಮೊದಲ ಚಮಚ ತಿನ್ನಬೇಕು, ಆಮೇಲೆ ಉಳಿದವರು. ಎಲ್ಲೇ ಇರಲಿ, ಎಲ್ಲರದ್ದೂ ಆದ ಮೇಲೆಯೇ ಬಳ್ಳಿಗೆ ಕತ್ತರಿ. ತಂದೆ ಸತ್ತ ವರ್ಷ ಯಾರೂ ಪಾಕ ಕುದಿಸಲಿಲ್ಲ. ಹಾಗಾಗಿ ಈ ವರ್ಷಕ್ಕೆ ಶೀಸೆಯೇ ಇಲ್ಲ. "ಚಮಚ ಇಲ್ಲ, ಕೊಯ್ಲೂ ಬೇಡ, ಶನಿವಾರ ಹೋಟೆಲಿನವರು ಬರ್ತಾರೆ" ಎಂದು ಆನ್ನಾ ಫೋನು ಇಟ್ಟಳಂತೆ.

"ಪಾಕ ಎಲ್ಲಿ ಕುದಿಸಿದರೇನು?" ಎಂದರು ಯಾನಿಸ್ ಸರ್ ಗುರುವಾರ ಲಿಫ್ಟಿನಲ್ಲಿ. ಅವರ ಕೈಯಲ್ಲಿ ಬಿಳಿ ದ್ರಾಕ್ಷಿಯ ಪೆಟ್ಟಿಗೆಗಳಿದ್ದವು. "ಇಲ್ಲೇ ಕುದಿಸುತ್ತೇನೆ, ತಿನ್ನುತ್ತೇನೆ, ಅವಳಿಗೆ ಫೋನ್ ಮಾಡಿ ಆಯಿತು ಅನ್ನುತ್ತೇನೆ. ಆಮೇಲೆ ಅವಳು ಸಹಿ ಹಾಕಲ್ಲ. ನನಗೆ ಆನ್ನಾ ಗೊತ್ತು."

ನಾನು ಲಿಫ್ಟಿನ ಗೋಡೆಯ ಕಡೆ ನೋಡಿದೆ. ಅಲ್ಲಿ ಮಾಲೀಕರು ಅಂಟಿಸಿದ ಹಾಳೆ ಇತ್ತು. ಆ ದಿನಗಳಲ್ಲಿ ಕಳ್ಳಸಾರಾಯಿ ಕುಡಿದು ಜನ ಸತ್ತಿದ್ದರು, ಕಣ್ಣು ಕಳೆದುಕೊಂಡಿದ್ದರು. ಎಲ್ಲ ಕಡೆ ತಪಾಸಣೆ ನಡೆದಿತ್ತು. ನಮ್ಮ ಮಾಲೀಕ, ಬೂ ಖಾಲಿದ್ ಎಂದು ಎಲ್ಲರೂ ಕರೆಯುವ ಮುದುಕರು, ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ತಾವೇ ಪ್ರತಿ ಮನೆಯನ್ನೂ ನೋಡುವುದಾಗಿಯೂ, ಅನುಮಾನ ಬಂದರೆ ಪೊಲೀಸರನ್ನೇ ಕರೆಯುವುದಾಗಿಯೂ ಬರೆಸಿದ್ದರು.

"ಸರ್, ಇದು ಓದಿದಿರಾ?"

"ಓದಿದೆ. ನಾನು ಮಾಡುವುದು ಪಾಕ. ನಾಳೆ ಬೆಳಿಗ್ಗೆ ಕುದಿಸಿಬಿಡುತ್ತೇನೆ. ಯಲ್ಲಾ, ನಡೆ, ಐದು ಒತ್ತು."

ಶುಕ್ರವಾರ ಬೆಳಿಗ್ಗೆ ಬಂದರಿನಲ್ಲಿ ಒಂದು ಕಂಟೇನರು ಸಿಕ್ಕಿಕೊಂಡು ಅವರನ್ನು ಕರೆಸಿಕೊಂಡರು. ಆ ಹೊತ್ತಿಗಾಗಲೇ ನಮ್ಮ ಕಟ್ಟಡದ ಮೇಲಿನ ಮಹಡಿಗಳ ಏಸಿ ಕೈಕೊಟ್ಟಿತ್ತು. ನನಗೆ ಇದೊಂದೂ ತಿಳಿಯದು. ಮಧ್ಯಾಹ್ನ ಮೊಸರು ತರಲು ಕೆಳಗಿನ ಬಕಾಲಾಕ್ಕೆ ಹೋದಾಗ ಅಂಗಡಿಯ ಹಮೀದ್ ಭಾಯಿ ಗಿರಾಕಿಗಳೆಲ್ಲ ಹೋಗುವ ತನಕ ಸುಮ್ಮನಿದ್ದು ದನಿ ತಗ್ಗಿಸಿದರು. ಅವರು ಬಂಟ್ವಾಳದ ಕಡೆಯ ಬ್ಯಾರಿ.

"ಅಕ್ಕ, ಒಂದು ವಿಷಯ ಉಂಟು. ಬೇಜಾರು ಮಾಡ್ಬೇಡಿ. ನಿಮ್ಮ ಸಾರಿನ ಮನೆ ಹತ್ರ ಎಂತದೋ ವಾಸನೆ ಬರ್ತದೆ. ನೀರಿನ ಕ್ಯಾನ್ ಕೊಡ್ಲಿಕ್ಕೆ ಮೇಲೆ ಹೋಗಿದ್ದೆ. ಹುಳಿ ಬಂದ ಹಾಗೆ."

"ಹಣ್ಣು ಕೊಳೆತಿರಬೇಕು, ಭಾಯಿ."

"ಕೊಳೆತ ಹಣ್ಣಿನ ವಾಸನೆ ನನಗೆ ಗೊತ್ತಿಲ್ವಾ ಅಕ್ಕ, ನಾನು ಅಂಗಡಿಯವ." ಅವರು ನನ್ನ ಮುಖ ನೋಡಲಿಲ್ಲ. "ಅಸರ್ ಆದ ಕೂಡ್ಲೆ ಯಜಮಾನ್ರು ಬರ್ತಾರೆ. ನಾನು ಏನೂ ಹೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ಮೊಸರು ತಗೊಳ್ಳಿ."

ಮೊಸರನ್ನು ಅಲ್ಲೇ ಬಿಟ್ಟು ಐದನೆಯ ಮಹಡಿಗೆ ಹೋದೆ. ಬಾಗಿಲು ತೆರೆದ ಕೂಡಲೇ ಬಿಸಿಗಾಳಿ, ಅದರ ಹಿಂದೆ ಆ ವಾಸನೆ. ಒಣದ್ರಾಕ್ಷಿ ಶೆಡ್ಡಿನ ಹಿಂದೆ ಬಿಸಾಡಿದ ಹಣ್ಣಿನ ರಾಶಿ ನೊಣ ಮುತ್ತಿ ಹುಳಿಯುವಾಗಿನ ವಾಸನೆ ನನಗೆ ಚಿಕ್ಕಂದಿನದು. ಎರಡು ಪ್ಲಾಸ್ಟಿಕ್ ಟಬ್ಬುಗಳಿದ್ದವು. ಒಂದು ಬಚ್ಚಲಿನ ಮೂಲೆಯಲ್ಲಿ, ಒಂದು ಬಾಲ್ಕನಿಯ ಬಾಗಿಲ ಬಳಿ. ಬಾಲ್ಕನಿಯ ಬಳಿಯದು ನೊರೆ ಕಟ್ಟಿ ಗುಜುಗುಜು ಎನ್ನುತ್ತಿತ್ತು. ಯಾರೂ ಮುಟ್ಟದೆ ಅದು ಉಸಿರಾಡುತ್ತಿತ್ತು. ಆಗ ನನಗೆ ಎಲ್ಲ ಅರ್ಥವಾಯಿತು. ದ್ವೀಪದ ಕಲ್ಲಿನ ನೆಲಮಾಳಿಗೆಯಲ್ಲಿ ಒಂದು ರಾತ್ರಿ ಇಟ್ಟರೆ ಮಡ್ಡಿ ಇಳಿಯುತ್ತದೆ. ಕುವೈತಿನ ಆಗಸ್ಟಿನಲ್ಲಿ, ಏಸಿ ಸತ್ತ ಮನೆಯಲ್ಲಿ, ತೊಳೆಯದ ಹಣ್ಣಿನ ಸಿಪ್ಪೆಯಲ್ಲಿದ್ದ ಹುದುಗು ಸುಮ್ಮನಿರುತ್ತದೆಯೇ? ಪ್ರಯೋಗಾಲಯದಲ್ಲಿ ಪರರ ಡ್ರಮ್ಮುಗಳನ್ನು ಇದೇ ಕಾರಣಕ್ಕೆ ವಾಪಸು ಕಳಿಸುವ ಮನುಷ್ಯ, ಮನೆಯಲ್ಲಿ ತಂದೆ ಮಾಡಿದಂತೆಯೇ ಮಾಡಿದ್ದರು.

ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೀಲಿ ನನ್ನದು, ಮೈಗೆ ಹತ್ತುತ್ತಿರುವ ವಾಸನೆಯೂ ನನ್ನದೇ. ಕೇಸಾದರೆ ಅವರಿಗೆ ಊರಿಲ್ಲ, ಕೊಯ್ಲಿಲ್ಲ. ನನಗೆ ಈ ಕೆಲಸವಿಲ್ಲ. ಓದಿ ಇಷ್ಟು ದೂರ ಬಂದವಳು ಸೆರೆಯ ಕೇಸಿನಲ್ಲಿ ವಿಮಾನ ಹತ್ತಿ ಹೋದರೆ ಅವ್ವನ ಮುಂದೆ ಏನೆಂದು ನಿಲ್ಲಲಿ? ಸುರಿದುಬಿಡೋಣ ಎಂದು ಟಬ್ಬಿನ ಅಂಚು ಹಿಡಿದಾಗ ಬಾಗಿಲಲ್ಲಿ ಅವರೇ ನಿಂತಿದ್ದರು. ಬೆವರಿನಿಂದ ಅಂಗಿ ಮೈಗೆ ಅಂಟಿತ್ತು. ಲಿಫ್ಟಿನಿಂದ ಇಳಿಯುವಾಗಲೇ ಮೂಗಿಗೆ ಗೊತ್ತಾಗಿತ್ತಂತೆ.

ಅವರು ಬಾಲ್ಕನಿಯ ಬಳಿಯ ಟಬ್ಬಿನ ಮುಂದೆ ಮಂಡಿಯೂರಿ ಮೂಗಿಟ್ಟು ಕಣ್ಣು ಮುಚ್ಚಿದರು. ಎದ್ದಾಗ ಅವರ ಮುಖ ಬೇರೆಯೇ ಆಗಿತ್ತು.

"ಇದು ಚೆನ್ನಾಗಿ ಬರ್ತಾ ಇದೆ" ಎಂದರು ಮೆಲ್ಲಗೆ. "ಇಪ್ಪತ್ತು ವರ್ಷದ ಮೇಲೆ ಮೂಸಿದೆ. ನಮ್ಮ ಮನೆಯದೇ ವಾಸನೆ."

"ಸರ್, ಸುರಿಯಿರಿ."

"ನಮ್ಮ ಮನೆಯಲ್ಲಿ ಯಾರೂ ಜೀವ ಬಂದ ರಸ ಚೆಲ್ಲಿಲ್ಲ. ಯುದ್ಧದಲ್ಲೂ ಚೆಲ್ಲಿಲ್ಲ."

"ಇದು ನಿಮ್ಮ ದ್ವೀಪ ಅಲ್ಲ. ಅಸರ್ ಆಗುತ್ತಾ ಬಂತು. ನನ್ನ ಇಕಾಮಾನೂ ಈಗ ಈ ಬಾಗಿಲೊಳಗೇ ಇದೆ. ಇದನ್ನು ಇಟ್ಟುಕೊಂಡರೆ ಅಲ್ಲಿರೋ ಬಳ್ಳಿ ಹೋಗುತ್ತೆ. ಯಾವುದು ಬೇಕು ಹೇಳಿ."

ಅವರು ಟಬ್ಬಿನಿಂದ ಹಿಂದೆ ಸರಿದರು. ಆಮೇಲೆ ಬಚ್ಚಲಿಗೆ ಹೋಗಿ ಇನ್ನೊಂದು ಟಬ್ಬನ್ನು ಮೂಸಿದರು. "ಇದು ಇನ್ನೂ ಸಿಹಿ. ಈಗಷ್ಟೇ ಕಣ್ಣು ಬಿಡ್ತಾ ಇದೆ. ಕುದಿಸಿದರೆ ನಿಲ್ಲುತ್ತೆ" ಎಂದರು. ಇದ್ದದ್ದು ಒಂದೇ ದೊಡ್ಡ ಪಾತ್ರೆ. ನಾನು ಬಚ್ಚಲಿನ ರಸವನ್ನು ಸೋಸಿ ಪಾತ್ರೆಗೆ ಹಾಕಿ ಒಲೆಯ ಉರಿ ಪೂರ್ತಿ ಏರಿಸಿದೆ. ಬಾಲ್ಕನಿಯ ಟಬ್ಬನ್ನು ಅವರೇ ಎಳೆದುಕೊಂಡು ಹೋದರು. ನನಗೆ ಮುಟ್ಟಲು ಬಿಡಲಿಲ್ಲ. ನೀರು ಬಿಟ್ಟು, ಒಂದೊಂದೇ ಲೋಟ, ಯಾರಿಗೋ ಬಡಿಸುವಂತೆ ಬಚ್ಚಲಿನ ತೂತಿಗೆ ಸುರಿಯತೊಡಗಿದರು.

"ಸರ್, ಒಂದೇ ಸಲಕ್ಕೆ ಸುರಿಯಿರಿ. ಹೊತ್ತಿಲ್ಲ."

ಅವರು ಏನೋ ತಮ್ಮ ಭಾಷೆಯಲ್ಲಿ ಅಂದು ಟಬ್ಬು ಬಗ್ಗಿಸಿದರು. ನಾನು ಫಿನಾಯಿಲು ಸುರಿದೆ. ಹೊರಗೆ ಮಸೀದಿಯಿಂದ ಬಾಂಗು ಕೇಳಿಸಿತು.

ಆಮೇಲಿನದು ಕಾಯುವುದೇ. ಪಾಕ ಕುದಿಯಿತು, ನೊರೆ ತೆಗೆದೆವು, ಮತ್ತೆ ಕುದಿಯಿತು. ಹುಳಿವಾಸನೆ ಹೋಗಿ ಸುಟ್ಟ ಸಿಹಿಯ ವಾಸನೆ ತುಂಬಿತು. ಆದರೆ ನನ್ನ ಮೂಗನ್ನು ನಾನೇ ನಂಬಲಿಲ್ಲ. ಹೋಯಿತಾ ಸರ್ ಎಂದು ಕೇಳಿದಾಗಲೆಲ್ಲ ಅವರು ತಲೆ ಅಲ್ಲಾಡಿಸಿ "ಇನ್ನೂ ಸ್ವಲ್ಪ ಇದೆ" ಎನ್ನುವರು. ಫೋನು ಗುಂಯ್‌ಗುಟ್ಟಿತು. ಹಮೀದ್ ಭಾಯಿ. "ಅಕ್ಕ, ನಾಲ್ಕನೇದು ಮುಗೀತು" ಎಂದು ಇಟ್ಟುಬಿಟ್ಟರು.

ಬಾಗಿಲು ಬಡಿದ ಸದ್ದಾಯಿತು. ಯಾನಿಸ್ ಸರ್ ನನ್ನ ಕಡೆ ತಿರುಗಿ ತುಟಿ ಮಾತ್ರ ಆಡಿಸಿದರು. "ಸಿಂಬಿ."

ಬೂ ಖಾಲಿದ್ ಒಳಗೆ ಬಂದರು. ಎಂಬತ್ತರ ಹತ್ತಿರದ ಮನುಷ್ಯ, ಕೋಲು, ಬಿಳಿ ನಿಲುವಂಗಿ. ಹಿಂದೆ ಕಟ್ಟಡದ ಕಾವಲುಗಾರ. ಸಲಾಂ ಹೇಳಿ ಅವರು ನಿಂತಲ್ಲಿಯೇ ಒಮ್ಮೆ ಗಾಳಿ ಎಳೆದುಕೊಂಡರು. ಅವರದೂ ಮೂಗೇ ಮೊದಲು ಎಂದು ಆಗ ತಿಳಿಯಿತು. ಕೋಲೂರಿ ಬಚ್ಚಲಿಗೆ ಹೋದರು. ತೊಳೆದು ಬೋರಲು ಹಾಕಿದ ಟಬ್ಬುಗಳನ್ನು ನೋಡಿದರು. ಅಡುಗೆಮನೆಗೆ ಬಂದು ಪಾತ್ರೆಯೊಳಗೆ ಇಣುಕಿದರು.

"ಏನಿದು?"

ಯಾನಿಸ್ ಸರ್‌ಗೆ ಅರಬಿ ಚೆನ್ನಾಗಿ ಬರುತ್ತಿತ್ತು. "ದ್ರಾಕ್ಷಿಯ ದಿಬ್ಸ್. ನಮ್ಮ ಮನೆಯಲ್ಲಿ ಕೊಯ್ಲಿಗೆ ಮೊದಲು ಮಾಡುತ್ತೇವೆ" ಎಂದರು. ದಿಬ್ಸ್ ಎಂದರೆ ಇಲ್ಲಿಯವರು ಖರ್ಜೂರದಿಂದ ಮಾಡುವ ಕಪ್ಪು ಪಾಕ.

ಮುದುಕರು ಕೈ ಚಾಚಿದರು. ಚಮಚ ಕೇಳುತ್ತಿದ್ದರು. ಯಾನಿಸ್ ಸರ್ ಮುಖ ಬಿಳಿಚಿಕೊಂಡಿತು. ಪಾಕದಲ್ಲಿ ಇನ್ನೂ ಏನಾದರೂ ಉಳಿದಿದೆಯೇ ಎಂಬ ಹೆದರಿಕೆ ನನಗೆ. ಅವರದು ಬೇರೆಯೇ ಹೆದರಿಕೆ. ಮೊದಲ ಚಮಚ ಅದು. ತಾವು ತಿನ್ನಬೇಕಾದದ್ದು. ಆದರೂ ಚಮಚ ತುಂಬಿ, ಊದಿ ಆರಿಸಿ ಕೊಟ್ಟರು.

ಬೂ ಖಾಲಿದ್ ಬಾಯಿಗಿಟ್ಟುಕೊಂಡು ನಾಲಿಗೆಯ ಮೇಲೆ ಹೊರಳಿಸಿದರು. ಕಾವಲುಗಾರ ಒಮ್ಮೆ ಅವರನ್ನು, ಒಮ್ಮೆ ನಮ್ಮನ್ನು ನೋಡುತ್ತಿದ್ದ.

"ನನ್ನ ತಾಯಿ ಖರ್ಜೂರದ್ದು ಮಾಡುತ್ತಿದ್ದಳು" ಎಂದರು ಕೊನೆಗೆ. "ಇನ್ನೂ ಗಟ್ಟಿ ಮಾಡಬೇಕು." ಚಮಚ ಹಿಂದಕ್ಕೆ ಕೊಟ್ಟು ಬಾಗಿಲಿನ ತನಕ ಹೋದವರು ತಿರುಗಿ ನೋಡದೆ ಅಂದರು: "ಸಂಜೆ ತನಕ ಕಿಟಕಿ ತೆರೆದಿಡಿ."

ಬಾಗಿಲು ಮುಚ್ಚಿದ ಮೇಲೆ ನಾನು ನೆಲದ ಮೇಲೇ ಕುಳಿತೆ. ಯಾನಿಸ್ ಸರ್ ಎರಡನೆಯ ಚಮಚ ತಾವು ತಿಂದು, ಮೂರನೆಯದನ್ನು ನನ್ನ ಮುಂದೆ ಹಿಡಿದರು. ಬೆಲ್ಲ, ಸುಟ್ಟ ಸಿಪ್ಪೆ, ಕೊನೆಗೊಂದು ಹುಳಿ. ಅವ್ವನ ಮುಂದೆಯೂ ತಿನ್ನಬಹುದಾದದ್ದು. ಆಮೇಲೆ ಅವರು ತಂಗಿಗೆ ಫೋನು ಹಚ್ಚಿದರು. ಗ್ರೀಕಿನ ಮಾತು, ನನಗೆ ಅವರು ಆಮೇಲೆ ಹೇಳಿದ್ದು.

"ಚಮಚ ಆಯಿತು" ಎಂದರಂತೆ ಇವರು.

"ಹಿರಿಯರು ಮೊದಲು ತಿಂದರಾ?" ಎಂದಳಂತೆ ಅವಳು.

"ತಿಂದರು. ಮನೆಯ ಯಜಮಾನರೇ ತಿಂದರು."

"ಅಪ್ಪ ಹೋದ ಮೇಲೆ ಯಜಮಾನ ನೀನಲ್ಲವಾ?"

"ಈ ಮನೆಗೆ ಯಜಮಾನರು ಬೇರೆ ಇದ್ದಾರೆ. ಬಾಡಿಗೆಯೂ ಅವರೇ ತಗೊಳ್ಳುತ್ತಾರೆ" ಎಂದು ನಡೆದದ್ದನ್ನೆಲ್ಲ ಹೇಳಿದರಂತೆ. ಆ ಕಡೆಯಿಂದ ಬಂದ ನಗು ಪಕ್ಕದಲ್ಲಿ ಕುಳಿತ ನನಗೂ ಕೇಳಿಸಿತು. ಒಂದು ವರ್ಷದ ಮೇಲೆ ನಕ್ಕಳು ಎಂದು ಅವರು ಕಣ್ಣೊರೆಸಿಕೊಂಡರು. ಶನಿವಾರ ಹೋಟೆಲಿನವರು ಬಂದು ಕಾಫಿ ಕುಡಿದು ಹೋದರಂತೆ, ಅಷ್ಟೇ.

ಕಾಗದ ಮುಂದಿನ ವಾರ ಬಂತು. ಹೊರಡುವ ದಿನ ಅವರು ಬಾಲ್ಕನಿಯ ಕುಂಡವನ್ನು ತಾವೇ ಹೊತ್ತು ನಮ್ಮ ಮನೆಗೆ ತಂದಿಟ್ಟರು. "ಪ್ರತಿ ವರ್ಷ ಚಾಟ್ನಿ ಮಾಡು. ಕನಿಕರ ತೋರಿಸಬೇಡ" ಎಂದರು. ಲಿಫ್ಟಿನ ಬಾಗಿಲು ಮುಚ್ಚುವಾಗ ತಲೆಯ ಮೇಲೆ ಕೈ ಸುತ್ತಿ ಸಿಂಬಿಯ ಸನ್ನೆ ಮಾಡಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅಲ್ಲಿಂದ ಪ್ರತಿ ವರ್ಷ ಒಂದು ಶೀಸೆ ಪಾಕ ಬರುತ್ತಿತ್ತು. ಕಸ್ಟಮ್ಸಿನವರು ಮುಚ್ಚಳ ತೆಗೆದು ಮೂಸಿಯೇ ಕೊಡುತ್ತಿದ್ದರು. ಅವರ ವೈನು ಹೇಗಿರುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಬೇಕೆಂದೂ ಇಲ್ಲ. ಆದರೆ ಆಗಸ್ಟ್ ಬಂದರೆ ಆನ್ನಾಳ ಫೋನಿಗಾಗಿ ಕಾಯುವುದು ರೂಢಿಯಾಯಿತು. ಚಮಚ ಆಗಬೇಕಾದವರ ಲೆಕ್ಕದಲ್ಲಿ ನಾನೂ ಸೇರಿದ್ದೆ. ನಾನು ತಿನ್ನುವ ಮೊದಲು ಒಂದು ಚಮಚವನ್ನು ಬಟ್ಟಲಿಗೆ ಹಾಕಿ ಬೂ ಖಾಲಿದ್ ಅವರಿಗೆ ಕೊಟ್ಟುಬರುತ್ತಿದ್ದೆ. ಕಟ್ಟಡಕ್ಕೆ ಹಿರಿಯರು ಅವರೇ.

ಈ ವರ್ಷ ಚಳಿಗಾಲದ ಕೊನೆಗೆ ಆನ್ನಾಳ ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಂತು. ಬೆಳಿಗ್ಗೆಯೆಲ್ಲ ಚಾಟ್ನಿ ಮಾಡಿ, ಕತ್ತರಿಯನ್ನು ಒರೆಸಿಟ್ಟು, ಗೋಡೆಗೆ ಒರಗಿ ಕುಳಿತ ಯಾನಿಸ್ ಸರ್ ಮತ್ತೆ ಏಳಲಿಲ್ಲ.

ಆಗಸ್ಟಿನಲ್ಲಿ ಶೀಸೆ ತೆರೆದೆ. ಹೋದ ವರ್ಷ ಅವರೇ ಕುದಿಸಿ ತುಂಬಿದ್ದು. ಬಟ್ಟಲು ಹಿಡಿದು ಹೋದಾಗ ಬೂ ಖಾಲಿದ್ ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದರು. ಮೂಸಿ, ತಿಂದು, "ಈಗ ಸರಿಯಾಗಿ ಗಟ್ಟಿ ಮಾಡುತ್ತಾನೆ" ಎಂದರು. "ಎಲ್ಲಿ ನಿನ್ನ ಯುನಾನಿ?" ಗ್ರೀಕರಿಗೆ ಅರಬಿಯಲ್ಲಿ ಹಾಗೆ ಅನ್ನುತ್ತಾರೆ.

ಹೇಳಿದೆ. ಅವರು ಕಣ್ಣು ಮುಚ್ಚಿ ದುವಾ ಹೇಳಿದರು. ಆಮೇಲೆ ಖಾಲಿ ಬಟ್ಟಲನ್ನು ನನ್ನ ಕಡೆ ಚಾಚಿದರು.

"ಇನ್ನೊಂದು ಚಮಚ ತಗೊಂಡು ಬಾ. ಅದು ಅವನದು."

ತಂದುಕೊಟ್ಟೆ. ಅದನ್ನೂ ತಿಂದರು, ನಿಧಾನವಾಗಿ. ನಾನು ಮನೆಗೆ ಬಂದು ನನ್ನದನ್ನು ತಿನ್ನುತ್ತಿರುವಾಗ ಫೋನು ಬಂತು. ಅಲ್ಲಿ ಗಾಳಿಯ ಸದ್ದು, ಅದರ ನಡುವೆ ಆನ್ನಾಳ ದನಿ. ಎಲ್ಲರದ್ದೂ ಆಯಿತಾ ಎಂದು ಕೇಳಿದಳು.

ಎಲ್ಲರದ್ದೂ ಆಯಿತು, ಕೊಯ್ಯಿರಿ ಎಂದೆ.